ಬಿಸಿಲ ನಾಡಿನಲ್ಲಿ ಬೆಚ್ಚನೆಯ ಮನೆ

ಚಳಿಯನ್ನು ಕುರಿತು ಮಾತನಾಡಲು ಕನ್ನಡಿಗನಿಗೆ ಏನು ಅಧಿಕಾರ ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ನಮ್ಮಲ್ಲಿ ಹಿಮ ಬೀಳುವುದಿಲ್ಲ; ಕೆರೆಗಳು ಹೆಪ್ಪುಗಟ್ಟುವುದಿಲ್ಲ. ವರ್ಷದ ಬಹುಭಾಗವನ್ನು ನೆರಳನ್ನೂ ಗಾಳಿಯನ್ನೂ ಅರಸುತ್ತಲೇ ಕಳೆಯುವ ಜನ ನಾವು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಷ್ಟು ಹಿಂದಿನ ಮಾತು. ಬಯಲುಸೀಮೆಯ ಚಳಿಯನ್ನು ಶೀತಗಾಳಿ ಎಂದು ಹವಾಮಾನ ಇಲಾಖೆಯವರು ಸಾರಬೇಕಾದರೆ ಕನಿಷ್ಠ ಉಷ್ಣತೆ 10 ಡಿಗ್ರಿಗಾದರೂ ಇಳಿಯಬೇಕು, ವಾಡಿಕೆಗಿಂತ ತೀರ ಕೆಳಗಿರಬೇಕು. ಹೀಗಾಗಿ ನಮ್ಮ ಚಳಿಯ ಬಹುಪಾಲು ಯಾವ ಲೆಕ್ಕಕ್ಕೂ ಸೇರದ ಚಳಿ.

ಆದರೂ ಸುಖದ ಸಂಸಾರಕ್ಕೆ ಬೇಕಾದುದನ್ನು ಎಣಿಸಹೊರಟ ನಮ್ಮ ಸರ್ವಜ್ಞ ಎಲ್ಲಕ್ಕಿಂತ ಮೊದಲು ಇಟ್ಟದ್ದು ಬೆಚ್ಚಗಿರುವ ಮನೆಯನ್ನು. ಹಣಕಾಸು, ಮನವರಿತು ನಡೆಯುವ ಮಡದಿ, ಇವೆಲ್ಲ ಆಮೇಲೆ. ಉರಿಬಿಸಿಲಿನಲ್ಲಿ ಊರೂರು ತಿರುಗಿದ ಕವಿ ತಂಪಾದ ಮನೆಯನ್ನು ಬಯಸಲಿಲ್ಲ. ಇದು ಪ್ರಾಸದ ಅನುಕೂಲಕ್ಕಾಗಿ ಬಂದ ಮಾತು ಎನ್ನುವವರಿದ್ದಾರೆ, ಇರಲಿ. ಪ್ರಾಸಕ್ಕೆ ಬಂದ ಮಾತು ಜನರ ನಾಲಗೆಯ ಮೇಲೆ ಇಷ್ಟು ಕಾಲ ನಿಲ್ಲಬೇಕಾದರೆ ಅದರಲ್ಲಿ ಅನುಭವದ ಸತ್ಯವೂ ಇರಬೇಕು. ಕನ್ನಡದಲ್ಲಿ 'ಬೆಚ್ಚಗೆ' ಎಂಬ ಮಾತಿಗೆ ಉಷ್ಣತೆ ಎಂದಷ್ಟೇ ಅರ್ಥವಲ್ಲ. ಮಗುವನ್ನು ಬೆಚ್ಚಗಿಡುತ್ತೇವೆ; ಗಂಟನ್ನೂ ಬೆಚ್ಚಗಿಡುತ್ತೇವೆ; ಕಚೇರಿಗಳಲ್ಲಿ ಕೆಲಸವಾಗಬೇಕಾದರೆ ಕೈ ಬೆಚ್ಚಗೆ ಮಾಡುವುದೂ ಉಂಟು. ಕಾಪಾಡುವುದು, ಜೋಪಾನ ಮಾಡುವುದು ಎಂಬ ಅರ್ಥ ಆ ಮಾತಿನೊಳಗೆ ಸೇರಿಕೊಂಡಿದೆ. ಈ ಅರ್ಥದ ಜಾಡನ್ನು ಹಿಡಿದೇ ನಾನು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಶೀತದೇಶದ ಮನೆ ಚಳಿಯನ್ನು ಎದುರಿಟ್ಟುಕೊಂಡೇ ಕಟ್ಟಿದ್ದು. ಗೋಡೆಗೆ ಸೇರಿದ ಅಗ್ಗಿಷ್ಟಿಕೆ, ಹೊಗೆಗೊಳವೆ, ಎರಡು ಪದರದ ಕಿಟಕಿ ಎಲ್ಲವೂ ಅಲ್ಲಿ ಮನೆಯ ಅಂಗಗಳು. ನಮ್ಮ ಮನೆ ಹಾಗಲ್ಲ. ಅದು ಬೇಸಗೆಗೆಂದು ಕಟ್ಟಿದ್ದು. ಎತ್ತರದ ಮಾಡು, ಕಲ್ಲಿನ ನೆಲ, ಗಾಳಿ ಹಾಯಲು ಎದುರುಬದುರು ಬಾಗಿಲು. ಚಳಿ ನಮ್ಮಲ್ಲಿಗೆ ಬರುವುದು ಎರಡು ತಿಂಗಳ ನೆಂಟನಾಗಿ. ಎರಡು ತಿಂಗಳ ನೆಂಟನಿಗಾಗಿ ಬೇರೆ ಮನೆ ಕಟ್ಟಿಸುವವರುಂಟೆ? ಆದಕಾರಣ ನಮ್ಮ ಹಿರಿಯರು ಇಡೀ ಮನೆಯನ್ನು ಕಾಯಿಸುವ ಗೋಜಿಗೆ ಹೋಗಲಿಲ್ಲ. ಅವರು ಮೂರು ಬೇರೆ ದಾರಿಗಳನ್ನು ಕಂಡುಕೊಂಡರು: ಹಗಲಿನ ಬಿಸಿಲನ್ನು ಇರುಳಿಗೆ ಕೂಡಿಡುವುದು, ಮೈಯನ್ನು ಹೊದಿಸುವುದು, ಇರುವ ಬಿಸಿಯನ್ನು ಮನೆಮಂದಿಗೆ ಅರಿತು ಹಂಚುವುದು.

ಮೊದಲನೆಯದಕ್ಕೆ ಧಾರವಾಡ, ವಿಜಯಪುರ ಸೀಮೆಗಳ ಮೇಲ್ಮುದ್ದೆಯ ಮನೆಗಳೇ ಸಾಕ್ಷಿ. ನಾನು ಹುಟ್ಟಿ ಬೆಳೆದದ್ದು ಅಂಥ ಮನೆಯಲ್ಲಿ. ತೊಲೆ, ಜಂತಿಗಳ ಮೇಲೆ ಕಡ್ಡಿ ಸೊಪ್ಪು ಹಾಸಿ ಅದರ ಮೇಲೆ ಮಣ್ಣನ್ನು ದಪ್ಪವಾಗಿ ಬಡಿದು ಕೂರಿಸಿದ ಮಾಳಿಗೆ. ಮೊಳಕ್ಕಿಂತ ಹೆಚ್ಚು ದಪ್ಪದ ಕಲ್ಲುಮಣ್ಣಿನ ಗೋಡೆ. ಬೆಳಕಿಗೆ ಒಂದೆರಡು ಬೆಳಕಿಂಡಿ. ಇಂಥ ಗೋಡೆಗೆ ಹೊರಗಿನಿಂದ ತಗಲಿದ ಬಿಸಿಲು ಒಳಮೈಗೆ ಮುಟ್ಟಲು ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ನಡುಹಗಲಿನ ಕಾವು ಒಳಗಿನವರಿಗೆ ತಲಪುವುದು ಅವರು ಹಾಸಿಗೆ ಸೇರಿದ ಮೇಲೆ. ಬೇಸಗೆಯ ಹಗಲಿನಲ್ಲಿ ತಂಪನ್ನು ಕೊಡುವ ಗೋಡೆಯೇ ಮಾಗಿಯ ಇರುಳಿನಲ್ಲಿ ಬಿಸುಪನ್ನು ಕೊಡುತ್ತದೆ. ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಅಂಕಣ, ಅದಕ್ಕಿಂತ ಎತ್ತರದಲ್ಲಿ ಮನುಷ್ಯರ ಪಡಸಾಲೆ. ಹೊರಗಿನವರಿಗೆ ಇದು ಅನಾಗರಿಕವೆನಿಸೀತು. ಆದರೆ ಒಂದು ಜೊತೆ ಎತ್ತು, ಒಂದೆರಡು ಎಮ್ಮೆ ಇರುಳೆಲ್ಲ ಉಸಿರಾಡಿಸುತ್ತ ಮಲಗಿದ ಮನೆಗೆ ಬೇರೆ ಒಲೆ ಅಷ್ಟಾಗಿ ಬೇಕಾಗುತ್ತಿರಲಿಲ್ಲ.

ಉದ್ಯೋಗ ಸಿಕ್ಕಿ ಮಲೆನಾಡಿಗೆ ಹೋದಾಗ ನಾನು ಕಂಡದ್ದು ಇನ್ನೊಂದು ಬಗೆ. ಅಲ್ಲಿನ ಮಳೆಗೆ ಮಣ್ಣಿನ ಮಾಳಿಗೆ ತಡೆಯಲಾರದು. ಇಳಿಜಾರು ಮಾಡೇ ಆಗಬೇಕು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲು, ಸೋಗೆಗಳ ಜಾಗಕ್ಕೆ ಮೆಲ್ಲಮೆಲ್ಲಗೆ ಹಂಚು ಬಂತು. ಹಂಚಿನ ಸಂದಿಗಳಲ್ಲಿ ಬಿಸಿ ನಿಲ್ಲುವುದಿಲ್ಲ. ಅದಕ್ಕೆ ಮಲೆನಾಡಿಗರು ಮಾಡಿಕೊಂಡ ಉಪಾಯ ಅಟ್ಟ. ಹಲಗೆ ಹಾಸಿ, ಮೇಲೆ ಮಣ್ಣು ಮೆತ್ತಿ, ಅಡಕೆ ಕಾಳುಕಡಿಗಳನ್ನು ತುಂಬಿದ ಅಟ್ಟ ಕೆಳಗಿನ ಕೋಣೆಗೆ ಹೊದಿಕೆಯಂತೆ ಒದಗುತ್ತಿತ್ತು. ಇನ್ನು ಬಚ್ಚಲಮನೆಯ ಹಂಡೆಯೊಲೆ! ನಸುಕಿನಿಂದ ಕಾಯುವ ಆ ಒಲೆಯ ಬಾಯಿಯಲ್ಲಿ ಕುಳಿತು ಬೆಂಕಿ ಕಾಯಿಸಿಕೊಳ್ಳುತ್ತ ಕಾಫಿ ಕುಡಿದವರಿಗೆ ಅದರ ಸುಖವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಚಳಿಗಾಲದ ಮಟ್ಟಿಗೆ ಆ ಮನೆಗಳ ಪಡಸಾಲೆ ಎಂದರೆ ಬಚ್ಚಲೇ.

ಎರಡನೆಯದು ಹೊದಿಕೆಯ ಮಾತು. ನಮ್ಮ ಕಂಬಳಿ ಸಾಮಾನ್ಯ ವಸ್ತುವಲ್ಲ. ಪಾಣಿನಿಯ ವ್ಯಾಕರಣದಲ್ಲಿ ಅದಕ್ಕೆಂದೇ ಒಂದು ಸೂತ್ರವಿದೆ. ಅದರಿಂದ ಸಾಧಿತವಾಗುವ 'ಕಂಬಲ್ಯ' ಎಂಬ ಶಬ್ದಕ್ಕೆ ನೂರು ಪಲ ತೂಕದ ಉಣ್ಣೆ ಎಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ಮೈಗೆ ಚುಚ್ಚುತ್ತದೆ ನಿಜ. ಆದರೆ ನೆನೆದರೂ ಬಿಸುಪನ್ನು ಬಿಟ್ಟುಕೊಡದ ಗುಣ ಅದಕ್ಕಿದೆ. ಕುರಿಗಾಹಿ ಬಯಲಿನಲ್ಲಿ ಇರುಳನ್ನು ಕಳೆಯುವುದು ಅದರ ಬಲದಿಂದಲೇ. ಈಗ ಮಾಂಸಕ್ಕೆ ಒದಗುವ, ಉಣ್ಣೆಯಿಲ್ಲದ ತಳಿಗಳು ಬಂದು ದಖ್ಖನಿ ಕುರಿ ಕಡಿಮೆಯಾಗುತ್ತಿದೆ. ಕಂಬಳಿ ನೇಯುವ ಕೈಗಳೂ ಕಡಿಮೆಯಾಗುತ್ತಿವೆ.

ಕಂಬಳಿ ಕೊಳ್ಳಬೇಕಾದದ್ದು, ಕೌದಿ ಮನೆಯಲ್ಲೇ ಹುಟ್ಟುವುದು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂರಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ದಾರ ಓಡಿಸುವ ಕಲೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳದು. ಉತ್ತರ ಕನ್ನಡದ ಸಿದ್ದಿ ಸಮಾಜದ ಹೆಂಗಸರು ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳ ಪ್ರದರ್ಶನಗಳಿಗೂ ಹೋಗಿವೆ. ಕೌದಿಯ ಬಿಸಿ ಬಟ್ಟೆಯದಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯದು ಎಂದು ಭೌತಶಾಸ್ತ್ರ ಹೇಳುತ್ತದೆ. ಒಪ್ಪೋಣ. ಆದರೆ ಅಜ್ಜಿಯ ಸೀರೆ, ಅಪ್ಪನ ಧೋತರ, ಅಕ್ಕನ ಪರಕರ ಒಂದರ ಮೇಲೊಂದು ಸೇರಿ ಮಗುವಿನ ಮೈಮೇಲೆ ಬರುವಾಗ ಅದರಲ್ಲಿ ಗಾಳಿಯಷ್ಟೇ ಇದೆ ಎನ್ನಲು ನನಗೆ ಮನಸ್ಸು ಬಾರದು.

ಮೂರನೆಯದೇ ಮುಖ್ಯವಾದದ್ದು: ಹಂಚಿಕೆ. ಹಳೆಯ ಮನೆಯಲ್ಲಿ ಯಾರು ಎಲ್ಲಿ ಮಲಗಬೇಕೆಂಬುದಕ್ಕೆ ಒಂದು ಅಲಿಖಿತ ಕಾನೂನು ಇತ್ತು. ಅಡುಗೆಯೊಲೆಯ ಹಿಂಬದಿಯ ಗೋಡೆಗೆ ಒತ್ತಿಕೊಂಡ ಜಾಗ ಅಜ್ಜಿಯದು. ಮನೆಯ ನಡುವಿನ, ಹೊರಗೋಡೆಯಿಲ್ಲದ ಕತ್ತಲೆ ಕೋಣೆ ಬಾಣಂತಿಗೆ. ಮಕ್ಕಳು ಒಂದೇ ಹಾಸಿಗೆಯಲ್ಲಿ ಸಾಲಾಗಿ. ತೀರ ಚಿಕ್ಕದು ನಡುವೆ. ಗಟ್ಟಿಮುಟ್ಟಾದ ಗಂಡಸರು ಪಡಸಾಲೆಯಲ್ಲಿ, ಬಾಗಿಲ ಬಳಿ. ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಕೆಂಡದಿಂದ ಬೆಚ್ಚಗಾದ ಒಳಕೋಣೆಗಳಲ್ಲಿ ಇರುವವರನ್ನು ಶೀತದ ದೋಷ ಮುಟ್ಟದು ಎಂಬ ಮಾತಿದೆ. ಓದು ಬಾರದ ನಮ್ಮ ಹಳ್ಳಿಯ ಹೆಂಗಸರು ಆ ಗ್ರಂಥವನ್ನು ಕಂಡವರಲ್ಲ. ಆದರೆ ಮನೆಯಲ್ಲಿ ಇರುವ ಅಲ್ಪ ಬಿಸಿ ಮೊದಲು ಯಾರಿಗೆ ಸಲ್ಲಬೇಕೆಂಬುದು ಅವರಿಗೆ ಗೊತ್ತಿತ್ತು.

ಹಾಗೆಂದು ಆ ಕಾಲವನ್ನೆಲ್ಲ ಹೊಗಳುವ ಇಚ್ಛೆ ನನಗಿಲ್ಲ. ಒಲೆಯ ಹೊಗೆಗೆ ತಾಯಂದಿರ ಕಣ್ಣು, ಎದೆ ಕೆಟ್ಟಿವೆ. ಅಲ್ಲದೆ ಕೆಂಡದ ಮಾತು ಬಂದಾಗ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಮನೆಗೆ ಬೆಳಕಿಂಡಿಯಿತ್ತು, ಹಂಚಿನ ಸಂದಿಯಿತ್ತು. ಕೆಂಡದ ವಿಷಾನಿಲ ಹೊರಹೋಗಲು ದಾರಿಯಿತ್ತು. ಇಂದಿನ ಕೋಣೆಗೆ ಗಾಜಿನ ಕಿಟಕಿ, ಬಿಗಿಯಾದ ಬಾಗಿಲು. ಅಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ದೆಯ ವೇಷದಲ್ಲೇ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗುವುದು ಎಂದಿಗೂ ಸಲ್ಲದು.

ಇನ್ನು ಇಂದಿನ ಕಾಂಕ್ರೀಟಿನ ಮನೆ. ನಾಲ್ಕಂಗುಲದ ಅದರ ಚಾವಣಿಯನ್ನು ದಾಟಲು ಬಿಸಿಲಿಗೆ ಎರಡು ಮೂರು ಗಂಟೆ ಸಾಕು. ಸಂಜೆಗೆ ಒಳಗೆ ಸೆಕೆ. ನಸುಕಿನ ಹೊತ್ತಿಗೆ ಕೂಡಿಟ್ಟದ್ದೆಲ್ಲ ಖಾಲಿ. ಈ ಬಿಸಿ ಹೋಗುವುದಾದರೂ ಎಲ್ಲಿಗೆ? ಮೋಡವಿಲ್ಲದ ಆಕಾಶಕ್ಕೆ. ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ಸೊಗಸಾದ ಒಂದು ನಿದರ್ಶನವಿದೆ. ಯಂತ್ರಗಳಿಲ್ಲದ ಕಾಲದಲ್ಲಿ ಅಲಹಾಬಾದಿನ ಕಡೆ ಮಂಜುಗಡ್ಡೆ ಮಾಡುತ್ತಿದ್ದ ರೀತಿಯನ್ನು ರಾಬರ್ಟ್ ಬಾರ್ಕರ್ ಎಂಬ ಆಂಗ್ಲ ಅಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಣ್ಣಿಸಿದ್ದಾನೆ. ಬಯಲಿನ ತಗ್ಗುಗಳಲ್ಲಿ ಒಣದಂಟು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟರೆ, ಗಾಳಿ ಅಷ್ಟು ತಣ್ಣಗಿಲ್ಲದ ಇರುಳಿನಲ್ಲೂ ಬೆಳಗಾಗುವುದರೊಳಗೆ ನೀರು ಗಡ್ಡೆಕಟ್ಟುತ್ತಿತ್ತು! ತೆರೆದ ಆಕಾಶ ತಟ್ಟೆಯ ಬಿಸಿಯನ್ನು ಹೀರಿಕೊಳ್ಳುವ ಕ್ರಮವಿದು. ಮಾಗಿಯ ಇರುಳಿನಲ್ಲಿ ನಮ್ಮ ತಾರಸಿಗಳೂ ಆಕಾಶಕ್ಕೆ ಒಡ್ಡಿದ ಅಂಥ ತಟ್ಟೆಗಳೇ.

ಕಾಂಕ್ರೀಟಿಗೇ ಹೀಗಾದರೆ ತಗಡಿನ ಗತಿಯೇನು? ಬೆಂಗಳೂರಿನಂಥ ನಗರಗಳಲ್ಲಿ ಎತ್ತರೆತ್ತರದ ಮನೆಗಳನ್ನು ಕಟ್ಟುವವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ದುಡಿಯಲು ಬಂದವರು, ಹೊರರಾಜ್ಯಗಳವರು. ಅವರ ವಾಸ ಆ ಕಟ್ಟಡದ ಪಕ್ಕದ ತಗಡಿನ ಷೆಡ್ಡುಗಳಲ್ಲಿ. ತಗಡು ಏನನ್ನೂ ಕೂಡಿಡಲಾರದು. ಇರುಳಿನಲ್ಲಿ ಅದು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನವರ ಉಸಿರೇ ಅದರ ಮೇಲೆ ಹನಿಗಟ್ಟಿ ಮಲಗಿದವರ ಮೇಲೆ ತೊಟ್ಟಿಕ್ಕುತ್ತದೆ. ದಪ್ಪ ಗೋಡೆಯ ಊರಿನ ಮನೆಯನ್ನು ಬಿಟ್ಟು ಬಂದ ತಾಯಿ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಿ ಇರುಳನ್ನು ಕಳೆಯುತ್ತಾಳೆ. ಬಿಸಿಲ ನಾಡಿನಲ್ಲಿ ಚಳಿ ಎಲ್ಲಿದೆ ಎಂದು ಕೇಳುವವರು ಜನವರಿಯ ನಸುಕಿನಲ್ಲಿ ಅತ್ತ ಒಮ್ಮೆ ಹೋಗಿ ನೋಡಬೇಕು.

ಇದು ಬರಿಯ ಮರುಕದ ಮಾತಲ್ಲ. ಭಾರತದ ಸಾವುಗಳನ್ನೂ ಹವೆಯನ್ನೂ ತೂಗಿನೋಡಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹವೆಗೆ ಸಂಬಂಧಿಸಿದ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕೊರೆಯುವ ಚಳಿಯೂ ಅಲ್ಲ, ಸುಡುವ ಬಿಸಿಲೂ ಅಲ್ಲ, ನಾವು ಲೆಕ್ಕಕ್ಕೇ ಇಡದ ಮಿತವಾದ ಚಳಿ ಎಂದು ಕಂಡುಕೊಂಡಿತು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದ ಒತ್ತಡ ಏರುತ್ತದೆ. ಮುದಿ ಹೃದಯಕ್ಕೆ ಅದು ಭಾರ. ಶೀತದೇಶಗಳ ಮನೆಗಳೊಳಗೆ 18 ಡಿಗ್ರಿಗೆ ಕಡಿಮೆಯಿಲ್ಲದ ಉಷ್ಣತೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ ಸಲಹೆ ಮಾಡಿತು. ನಮ್ಮ ಮನೆಗಳೊಳಗೆ ಎಷ್ಟಿದೆ ಎಂದು ಅಳೆದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಗೋಡೆಯನ್ನು ಈಗ ದಪ್ಪ ಮಾಡಲಾಗದು. ಎತ್ತುಗಳನ್ನು ಪಡಸಾಲೆಗೆ ಕರೆತರಲಾಗದು. ಆದರೆ ಆ ಮೂರು ದಾರಿಗಳು ಪೂರ್ತಿ ಮುಚ್ಚಿಲ್ಲ. ಡಿಸೆಂಬರ್ ಕೊನೆಯಲ್ಲಿ ಧಾರವಾಡದ ನಡುಹಗಲಿನ ಸೂರ್ಯ ನೆತ್ತಿಯಿಂದ ಸುಮಾರು 39 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ತೆಂಕಣ ಕಿಟಕಿಯ ಪರದೆಯನ್ನು ಹಗಲೆಲ್ಲ ಸರಿಸಿಟ್ಟರೆ ಬಿಸಿಲು ನೆಲದ ಮೇಲೆ ತಾನೇ ಬಂದು ಕೂರುತ್ತದೆ. ಹೊತ್ತು ಮುಳುಗುವ ಮೊದಲೇ ಕಿಟಕಿ ಮುಚ್ಚಿದರೆ ಆ ಬಿಸುಪು ಇರುಳಿಗೆ ಉಳಿಯುತ್ತದೆ. ನುಣುಪು ಕಲ್ಲಿನ ನೆಲಕ್ಕೆ ಒಂದು ಜಮಖಾನ ಹಾಸಬಹುದು. ಕಂಬಳಿಯನ್ನು ಮೇಲೆ ಹೊದೆಯುವಂತೆ ಕೆಳಗೂ ಹಾಸಬೇಕು. ಮೈಯ ಬಿಸಿ ಕೆಳಮುಖವಾಗಿಯೂ ಹೋಗುತ್ತದೆ. ಕೂಸಿಗೆ ಕುಲಾವಿ, ಮುದುಕರಿಗೆ ಕಾಲುಚೀಲ, ತಲೆಗೆ ಒಂದು ವಸ್ತ್ರ. ಇವಕ್ಕೆ ಹೆಚ್ಚಿನ ಖರ್ಚಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಧನುರ್ಮಾಸದ ಮೆಣಸು ತುಪ್ಪದ ಹುಗ್ಗಿ ಇವೆಲ್ಲ ಬಾಯಿರುಚಿಗಷ್ಟೇ ಹುಟ್ಟಿದವಲ್ಲ.

ಇವೆಲ್ಲಕ್ಕಿಂತ ಮೇಲಾಗಿ ಹಂಚಿಕೆ ಇಂದಿಗೂ ನಮ್ಮ ಕೈಯಲ್ಲೇ ಇದೆ. ಈಗಿನ ಮನೆಗಳಲ್ಲಿ ಎಲ್ಲರಿಗೂ ಒಂದೊಂದು ಕೋಣೆ. ಹಿರಿಯರಿಗೆ ಸಿಗುವುದು ಬಹುಮಟ್ಟಿಗೆ ಯಾರಿಗೂ ಬೇಡವಾಗಿ ಉಳಿದದ್ದು. ಬಡಗಣ ಮೂಲೆಯಲ್ಲಿ, ಎರಡು ಹೊರಗೋಡೆಗಳ ನಡುವೆ, ಬಿಸಿಲು ಕಾಣದ ಕೋಣೆ. ಅವರ ಮಂಚವನ್ನು ಹೊರಗೋಡೆಯಿಂದ ಈಚೆಗೆ ಸರಿಸಿ. ಸಾಧ್ಯವಾದರೆ ಈ ಎರಡು ತಿಂಗಳ ಮಟ್ಟಿಗೆ ಬಿಸಿಲು ಬೀಳುವ ಕೋಣೆಯನ್ನು ಅವರಿಗೆ ಬಿಟ್ಟುಕೊಡಿ. ಚಳಿಯಾಗುತ್ತಿದೆ ಎಂದು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. ವಯಸ್ಸಾದಂತೆ ಚಳಿಯ ಅರಿವೇ ಮಂದವಾಗುವುದುಂಟು. ಕೇಳಿಕೊಳ್ಳಲು ಸಂಕೋಚವೂ ಉಂಟು. ನಿಮ್ಮ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ಪಕ್ಕದ ಷೆಡ್ಡಿಗೂ, ಇರುಳೆಲ್ಲ ಗೇಟಿನ ಬಳಿ ಕೂರುವ ಕಾವಲುಗಾರನಿಗೂ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುವ ಒಂದು ಹೊದಿಕೆ ತಲಪಲಿ.

ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೊರಟುಹೋಗುತ್ತದೆ ಎಂದು ನಮ್ಮ ಜನ ಹೇಳುತ್ತಾರೆ. ಹೋಗುವುದು ನಿಜ. ಅದು ಹೋದ ಮೇಲೆ ಬೇಸಗೆಯ ಗಡಿಬಿಡಿಯಲ್ಲಿ ಈ ಮಾತುಗಳೆಲ್ಲ ಮರೆತುಹೋಗುವುದೂ ನಿಜ. ಅದಕ್ಕಾಗಿಯೇ, ಇಂದು ಇರುಳು ದೀಪ ಆರಿಸುವ ಮುನ್ನ ಮನೆಯಲ್ಲಿ ಒಂದು ಸುತ್ತು ಹಾಕಿ, ಯಾರ ಹಾಸಿಗೆ ಎಲ್ಲಿದೆ ಎಂದು ನೋಡಿ ಮಲಗಿರೆಂದು ನಾನು ತಮ್ಮಲ್ಲಿ ಬಿನ್ನವಿಸುತ್ತೇನೆ.