ದೊಡ್ಡಪೇಟೆಯ ಸುತ್ತಮುತ್ತ

ಬೆಂಗಳೂರಿನ ಅವೆನ್ಯೂ ರಸ್ತೆ ಮೊದಲು ದೊಡ್ಡಪೇಟೆಯಾಗಿತ್ತು. 1537ರ ಸುಮಾರಿಗೆ ಒಂದನೇ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಪೇಟೆ ಕೂಡಿಸಿದಾಗ ಹುಟ್ಟಿದ ಎರಡು ಮುಖ್ಯ ಬೀದಿಗಳಲ್ಲಿ ಇದೊಂದು. ಇದನ್ನು ಅಡ್ಡ ಹಾಯ್ದು ಕೋಟೆಯ ಹಲಸೂರು ಬಾಗಿಲಿನತ್ತ ಹೊರಟದ್ದು ಚಿಕ್ಕಪೇಟೆ. ಇವೆರಡೂ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರು, ಸಾಲು ಬಿದ್ದಲ್ಲೆಲ್ಲ ಬೀದಿಯಾಯಿತು ಎಂದು ಊರಿನವರು ಹೇಳುವುದುಂಟು.

ದೊಡ್ಡ ಬೀದಿ ಎರಡೇ, ಕಸುಬು ಹಲವು. ಯಾರು ಎಲ್ಲಿ ಅಂಗಡಿ ಇಟ್ಟರೋ ಅಲ್ಲಿಗೆ ಅವರ ಹೆಸರು. ಅಕ್ಕಿ ಅಳೆದದ್ದು ಅಕ್ಕಿಪೇಟೆ, ರಾಗಿ ಸುರಿದದ್ದು ರಾಗಿಪೇಟೆ, ದವಸಧಾನ್ಯದ ತರಗು ವ್ಯಾಪಾರಕ್ಕೆ ತರಗುಪೇಟೆ. ಎಣ್ಣೆ ಗಾಣದವರದ್ದು ಗಾಣಿಗರಪೇಟೆ, ಮಡಕೆಯವರದ್ದು ಕುಂಬಾರಪೇಟೆ, ನಗರ್ತ ವರ್ತಕರದ್ದು ನಗರ್ತಪೇಟೆ.

ಹಲಸೂರು ಬಾಗಿಲು ಒಂದು ಕಾಳಗವನ್ನೂ ಕಂಡಿದೆ. 1791ರ ಮಾರ್ಚ್ 7ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ಪೇಟೆಗೆ ನುಗ್ಗಿದ್ದು ಅಲ್ಲಿಂದಲೇ. ಪೇಟೆಯ ಪಕ್ಕದ ಕಲ್ಲಿನ ಕೋಟೆ ಕೈಗೆ ಸಿಕ್ಕಿದ್ದು ಎರಡು ವಾರದ ಮೇಲೆ, ಮಾರ್ಚ್ 21ರ ರಾತ್ರಿ. ಬಾಗಿಲು ಹೋಯಿತು, ಹೆಸರು ಮಾತ್ರ ಹಲಸೂರು ಗೇಟ್ ಪೊಲೀಸ್ ಠಾಣೆಯಲ್ಲಿ ಉಳಿದುಕೊಂಡಿದೆ. ಕಾಳಗವಾದ ಒಂಬತ್ತು ವರ್ಷಕ್ಕೆ, 1800ರಲ್ಲಿ, ಇಲ್ಲಿಗೆ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ ಪಟ್ವೇಗಾರ, ಖತ್ರಿ, ದೇವಾಂಗ, ತೊಗಟ ಎಂದು ನೇಕಾರರನ್ನು ಬಿಡಿಬಿಡಿಯಾಗಿ ಬರೆದಿಟ್ಟ. ಇಷ್ಟು ಮಗ್ಗಗಳಿದ್ದ ಊರಿನಲ್ಲಿ ಹತ್ತಿಗೂ ಒಂದು ಪೇಟೆ ಇದ್ದದ್ದರಲ್ಲಿ ಆಶ್ಚರ್ಯವೇನು? ಅದೇ ಅರಳೇಪೇಟೆ, ಈಗಿನ ಕಾಟನ್‌ಪೇಟೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗದ ಮೆರವಣಿಗೆ, ಈ ಕಾಟನ್‌ಪೇಟೆಯಲ್ಲಿರುವ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತದೆ.

ಕಸುಬು ಜಾಗ ಬದಲಿಸಿತು, ಹೆಸರು ಕದಲಲಿಲ್ಲ. ಬಳೇಪೇಟೆಗೆ ಈಗ ತಬಲ, ಹಾರ್ಮೋನಿಯಂ ಕೊಳ್ಳುವವರು ಬರುತ್ತಾರೆ. ಚಿಕ್ಕಪೇಟೆ ಎಂದರೆ ರೇಷ್ಮೆ ಸೀರೆ. 2017ರಲ್ಲಿ ತೆರೆದ ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು.

ದೊಡ್ಡಪೇಟೆಗೆ ಮಾತ್ರ ಆ ಅದೃಷ್ಟವಿರಲಿಲ್ಲ. ಬ್ರಿಟಿಷರ ಕಾಲದ ಅವೆನ್ಯೂ ಎಂಬ ಹೆಸರೇ ಅದಕ್ಕೆ ಅಂಟಿತು. ಸಾಲುಮರದ ರಸ್ತೆಗೆ ಒಪ್ಪುವ ಹೆಸರದು. ಇಲ್ಲಿ ಸಾಲುಗಟ್ಟಿರುವುದು ಹಳೇ ಪುಸ್ತಕದ ಅಂಗಡಿಗಳು. ಕಬ್ಬನ್‌ಪೇಟೆಯದು ಇನ್ನೊಂದು ಬಗೆ. ಹೆಸರು 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನದು, ಆದರೆ ಬೀದಿಯಲ್ಲಿ ತಲೆಮಾರುಗಳಿಂದ ಕೇಳಿಬಂದದ್ದು ಮಗ್ಗದ ಸದ್ದು.