ಬೊಗಳೋ ದಾರಿ ಕಟ್ಟಾದ್ರೂ ಕಚ್ಚೋದು ನಿಲ್ಲಬಾರದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಗೆಳೆಯರೇ, ಇವತ್ತು ನಾನು ಮಾತಾಡೋದು ನಾಯಿ ಬಗ್ಗೆ. 2005ರಲ್ಲಿ ಅಂಚೆಚೀಟಿ ಮ್ಯಾಲೆ ಬಂದ ನಮ್ಮ ಮುಧೋಳ ನಾಯಿ ಅಲ್ಲ; ಚಿಪ್‌ನೊಳಗ ಕುಂತಿರೋ ಕಾವಲುನಾಯಿ, ವಾಚ್‌ಡಾಗ್ ಟೈಮರ್.

ಇದೊಂದು ಕೌಂಟರ್. ‘ನಾನು ನಡೀತಾ ಇದ್ದೀನಿ’ ಅಂತ ಸಾಫ್ಟ್‌ವೇರ್ ಇದಕ್ಕ ಆಗಾಗ ಹೇಳ್ತಿರಬೇಕು. ಹೇಳಲಿಲ್ಲ ಅಂದ್ರ, ಸಿಸ್ಟಮ್ ಹ್ಯಾಂಗ್ ಆಗಿದೆ ಅಂತ ತಿಳಿದು ರಿಸೆಟ್ ಮಾಡ್ತದ. ಅದು ಕಚ್ಚೋದು. ಕೆಲವು ವಾಚ್‌ಡಾಗ್ ಕಚ್ಚೋ ಮೊದಲು ಒಮ್ಮೆ ಬೊಗಳ್ತಾವ. ಅದಕ್ಕ ಪ್ರೀ-ಟೈಮ್‌ಔಟ್ ಇಂಟರಪ್ಟ್ ಅಂತಾರ. ಎಲ್ಲಿ ಸಿಕ್ಕಿಬಿದ್ದೀವಿ ಅಂತ ಕರ್ನಲ್ ಲಾಗ್ ಬರೆದಿಡಲಿಕ್ಕೆ ಅದೇ ಕೊನೇ ಅವಕಾಶ.

ಬೊಗಳಲಿಕ್ಕೆ ಐಆರ್‌ಕ್ಯೂ ಅನ್ನೋ ಲೈನ್ ಬೇಕು. ಇನ್ನೊಂದು ಡ್ರೈವರ್ ಆ ಲೈನ್ ಆಗಲೇ ಹಿಡಿದಿದ್ದು, ಹಂಚಿಕೊಳ್ಳಲಿಕ್ಕೆ ಒಪ್ಪದಿದ್ರ, ಲಿನಕ್ಸ್ ಕರ್ನಲ್ -16 ಅಂತ ಎರರ್ ಕೊಡ್ತದ. ಅಂದ್ರ ‘ಲೈನ್ ಬಿಜಿ’.

ಬೀಳಗಿ ಕಡೆಯ ಒಂದು ಕಬ್ಬಿನ ಹೊಲದ ಪಂಪ್ ಕಂಟ್ರೋಲರ್‌ನಲ್ಲಿ ನಾನು ಇದನ್ನೇ ನೋಡಿದೆ. ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿನೇ ಬರ್ತದ. ಬೋರ್ಡ್ ಹ್ಯಾಂಗ್ ಆದ್ರ, ರೈತ ಕತ್ತಲಾಗ ಟಾರ್ಚ್ ಹಿಡಕೊಂಡು, ಹಾವು-ಚೇಳು ನೋಡಿಕೊಂತ ಹೊಲಕ್ಕ ಹೋಗಬೇಕು. ಲಾಗ್ ತೆಗೆದ್ರ -16. ಲೈನ್ ಸಿಗಲಿಲ್ಲ ಅಂತ ಡ್ರೈವರ್ ಪೂರ್ತಿ ಕೈಚೆಲ್ಲಿತ್ತು, ವಾಚ್‌ಡಾಗ್ ಶುರುವೇ ಆಗಿರಲಿಲ್ಲ. ಬೊಗಳಲಿಕ್ಕೆ ಬರೂದಿಲ್ಲ ಅಂತ ಕಾವಲುನಾಯಿನೇ ಓಡಿಸಿಬಿಟ್ಟಂಗ!

ರಿಸೆಟ್ ಮಾಡಲಿಕ್ಕೆ ಆ ಹಾರ್ಡ್‌ವೇರ್‌ಗೆ ಇಂಟರಪ್ಟ್ ಬೇಕಾಗಿಯೇ ಇಲ್ಲ. ಕರ್ನಲ್‌ನಲ್ಲೇ ಇರೋ ಐಎಂಎಕ್ಸ್2 ವಾಚ್‌ಡಾಗ್ ಡ್ರೈವರ್ ನೋಡ್ರಿ: ಐಆರ್‌ಕ್ಯೂ ಸಿಕ್ಕರ ಪ್ರೀ-ಟೈಮ್‌ಔಟ್ ಕೊಡ್ತದ, ಸಿಗದಿದ್ರ ಅದೊಂದನ್ನೇ ಬಿಟ್ಟು ಕಾವಲು ಮುಂದುವರಿಸ್ತದ. ಆ ಬೋರ್ಡ್‌ನಲ್ಲೂ ನಾವು ಇದನ್ನೇ ಮಾಡಿದ್ವಿ.

ಹಂಗಾದ್ರ ಲೈನ್ ಹಂಚಿಕೊಳ್ಳೋದು ಹೆಂಗ? ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ ಅಂದುಕೊಳ್ರಿ. ಹತ್ತು ಮಗ್ಗಕ್ಕ ಒಂದೇ ಗಂಟೆ. ಎಳೆ ಕಡಿದು ಗಂಟೆ ಬಾರಿಸಿದ್ರ, ಪ್ರತಿಯೊಬ್ಬರೂ ತಮ್ಮ ಮಗ್ಗ ನೋಡಿ ‘ನಂದು’ ಅಥವಾ ‘ನಂದಲ್ಲ’ ಅನ್ನಬೇಕು. ಡ್ರೈವರ್ ಕೆಲಸವೂ ಅಷ್ಟೇ: ತನ್ನ ಸ್ಟೇಟಸ್ ರಿಜಿಸ್ಟರ್ ಓದಬೇಕು, ತನ್ನದಾದ್ರ ಆ ಬಿಟ್ ಅಳಿಸಿ ‘ಹ್ಯಾಂಡಲ್ಡ್’, ಇಲ್ಲಾಂದ್ರ ‘ನನ್’ ಅನ್ನಬೇಕು. ಎಲ್ಲರೂ ಷೇರ್ಡ್ ಫ್ಲ್ಯಾಗ್ ಹಾಕಿರಬೇಕು, ಟ್ರಿಗರ್ ಬಗೆ ಒಂದೇ ಇರಬೇಕು.

ಎಲ್ಲರೂ ‘ನಂದಲ್ಲ’ ಅಂತಲೇ ಕುಂತರ? 1,00,000 ಇಂಟರಪ್ಟ್‌ನಲ್ಲಿ 99,900ಕ್ಕಿಂತ ಹೆಚ್ಚು ವಾರಸುದಾರರಿಲ್ಲದೆ ಹೋದ್ರ, ಕರ್ನಲ್ ‘ನೋಬಡಿ ಕೇರ್ಡ್’ ಅಂತ ಲಾಗ್‌ನಲ್ಲಿ ಬರೆದು ಆ ಲೈನನ್ನೇ ಬಂದ್ ಮಾಡ್ತದ. ಗಂಟೆಯ ವೈರೇ ಕಿತ್ತಂಗ. ಆಮ್ಯಾಲೆ ಖರೇ ಎಳೆ ಕಡಿದ್ರೂ ಯಾರಿಗೂ ಕೇಳೂದಿಲ್ಲ. ಸುಳ್ಳೇ ‘ನಂದು’ ಅನ್ನೋ ಡ್ರೈವರ್ ಇನ್ನೂ ಅಪಾಯ, ಯಾಕಂದ್ರ ತೊಂದರೆ ಅದ ಅಂತಲೇ ಕರ್ನಲ್‌ಗೆ ಗೊತ್ತಾಗೂದಿಲ್ಲ.

ನೀವು ಬೋರ್ಡ್ ಮ್ಯಾಲೆ ಕೆಲಸ ಮಾಡೋರಾದ್ರ, ಹೊಲಕ್ಕ ಕಳಿಸೋ ಮೊದಲು ಮೇಜಿನ ಮ್ಯಾಲೇ ಒಂದು ಪರೀಕ್ಷೆ ಮಾಡ್ರಿ. ಬೇಕಂತಲೇ ಆ ಐಆರ್‌ಕ್ಯೂ ಬೇರೆ ಡ್ರೈವರ್‌ಗೆ ಕೊಡ್ರಿ. ಆಮ್ಯಾಲೆ ವಾಚ್‌ಡಾಗ್‌ಗೆ ಸುದ್ದಿ ಮುಟ್ಟಿಸೋ ಪ್ರೋಗ್ರಾಮನ್ನು ಸ್ಟಾಪ್ ಸಿಗ್ನಲ್ ಕೊಟ್ಟು ತಡೀರಿ. ಟೈಮ್‌ಔಟ್ ಮುಗಿದ ಕೂಡಲೇ ಬೋರ್ಡ್ ತಾನೇ ರಿಸ್ಟಾರ್ಟ್ ಆಗಬೇಕು. ಆಗಲಿಲ್ಲಾಂದ್ರ, ಆ ಬೋರ್ಡ್ ಇನ್ನೂ ಹೊಲಕ್ಕ ಹೋಗೋಹಂಗಿಲ್ಲ.

ಪ್ರಶ್ನೆ ಇದ್ರ ಕಳಿಸ್ರಿ. ಮುಂದಿನ ಕಂತಿನಾಗ ಸಿಗೋಣ.