ಸಸ್ಯದ ಹಾರ್ಮೋನು: ಆಜ್ಞೆಯೇ ಹೊರತು ಅನ್ನವಲ್ಲ

(ಸಂಘದ ವಾಚನಾಲಯದಲ್ಲಿ ಸದಸ್ಯರ ಮುಂದೆ ಮಾಡಿದ ಭಾಷಣ)



ನಮ್ಮಲ್ಲಿ ಹೊಟೇಲಿನಲ್ಲಿ ದುಡಿಯುವವರಿದ್ದೀರಿ, ಗಿರಣಿಯಲ್ಲಿ ದುಡಿದ ಹಿರಿಯರೂ ಇದ್ದೀರಿ. ದುಡಿಮೆ ಇಲ್ಲಿಯದಾದರೂ ಊರಿನ ಗದ್ದೆಯ ಚಿಂತೆ ನಮ್ಮನ್ನು ಬಿಟ್ಟಿಲ್ಲ. ಮನೆಗೆ ಕಳಿಸುವ ಹಣದಲ್ಲಿ ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು ಎಂದು ಲೆಕ್ಕ ಹಾಕಿಯೇ ಕಳಿಸುತ್ತೇವೆ. ಈಗ ಆ ಲೆಕ್ಕದಲ್ಲಿ ಇನ್ನೊಂದು ಬಾಬತ್ತು ಸೇರಿದೆ. ಅದೇ ಬೆಳೆಯ ಟಾನಿಕ್. ಬಾಟಲಿಯ ಮೇಲೆ ಹಾರ್ಮೋನು ಎಂದು ಬರೆದಿರುತ್ತದೆ. ಇದನ್ನು ಸಿಂಪಡಿಸಿದರೆ ಗೊಬ್ಬರವೇ ಬೇಡ ಎನ್ನುವವರೂ ಇದ್ದಾರೆ. ಈ ಹಾರ್ಮೋನು ಗಿಡದೊಳಗೆ ಮಾಡುವ ಕೆಲಸವೇನೆಂದು ತಿಳಿದರೆ ನಮ್ಮ ಬೆವರಿನ ಹಣ ಉಳಿದೀತು. ಆದುದರಿಂದ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮೊದಲು ಜಪಾನಿನ ಗದ್ದೆಗೆ ಹೋಗೋಣ. ಅಲ್ಲಿ ಭತ್ತದ ನೇಜಿಗೆ ಒಂದು ವಿಚಿತ್ರ ರೋಗ ಬರುತ್ತಿತ್ತು. ರೋಗ ಹಿಡಿದ ಸಸಿ ಕುಗ್ಗುವ ಬದಲು ಪಕ್ಕದ ಸಸಿಗಳನ್ನು ಮೀರಿ ಉದ್ದಕ್ಕೆ ಬೆಳೆಯುತ್ತಿತ್ತು. ಆದರೆ ಕಾಂಡ ಬಡಕಲು, ಬಣ್ಣ ಬಿಳಿಚು. ಅನೇಕ ಸಸಿಗಳು ಸಾಯುತ್ತಿದ್ದವು, ಉಳಿದವುಗಳಲ್ಲಿ ಕಾಳು ಸರಿಯಾಗಿ ಕಟ್ಟುತ್ತಿರಲಿಲ್ಲ. ರೈತರು ಇದನ್ನು ‘ಬಕಾನೆ’, ಅಂದರೆ ಪೆದ್ದ ಸಸಿ ಎಂದು ಕರೆದರು. ಇದಕ್ಕೆ ಕಾರಣ ಒಂದು ಬೂಷ್ಟು. 1926ರಲ್ಲಿ ಕುರೊಸಾವ ಎಂಬ ವಿಜ್ಞಾನಿ ಆ ಬೂಷ್ಟು ಬೆಳೆಸಿದ ದ್ರವವನ್ನು ಸೋಸಿ, ಬೂಷ್ಟಿಲ್ಲದ ದ್ರವವನ್ನಷ್ಟೇ ಕೊಟ್ಟರೂ ಸಸಿ ಹಾಗೆಯೇ ಉದ್ದವಾಗುವುದೆಂದು ತೋರಿಸಿದರು. ಆ ದ್ರವದೊಳಗಿನ ವಸ್ತುವಿಗೆ 1935ರಲ್ಲಿ ಯಾಬುಟ ಎಂಬವರು ‘ಜಿಬ್ಬರೆಲಿನ್’ ಎಂದು ಹೆಸರಿಟ್ಟರು. ಆರೋಗ್ಯವಾಗಿರುವ ಗಿಡಗಳೂ ಇದನ್ನು ಅತಿ ಅಲ್ಪ ಪ್ರಮಾಣದಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ ಎಂದು ಮುಂದೆ ತಿಳಿದುಬಂದಿತು. ಅದೇ ಸಸ್ಯದ ಹಾರ್ಮೋನುಗಳಲ್ಲಿ ಒಂದು.

ಇದು ಕೋಶದೊಳಗೆ ಮಾಡುವುದೇನು? ಉತ್ತರ ಸಿಕ್ಕಿದ್ದು ಜವೆಗೋಧಿಯ ಕಾಳಿನಲ್ಲಿ. ಕಾಳಿನ ಒಂದು ತುದಿಯಲ್ಲಿ ಮೊಳಕೆಯಾಗುವ ಅಂಕುರ, ಉಳಿದ ಭಾಗದಲ್ಲಿ ಪಿಷ್ಟ, ಪಿಷ್ಟದ ಸುತ್ತ ಜೀವಕೋಶಗಳ ತೆಳುವಾದ ಪದರ. ಕಾಳನ್ನು ಎರಡಾಗಿ ಕತ್ತರಿಸಿ ಅಂಕುರವಿಲ್ಲದ ಅರ್ಧವನ್ನು ನೆನೆಹಾಕಿದರೆ ಅದರ ಪಿಷ್ಟ ಹಾಗೆಯೇ ಉಳಿಯುತ್ತದೆ. ಅದಕ್ಕೆ ತುಸು ಜಿಬ್ಬರೆಲಿನ್ ಸೇರಿಸಿದರೆ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ. ಇದನ್ನು 1960ರಲ್ಲಿ ಆಸ್ಟ್ರೇಲಿಯದ ಪಾಲೆಗ್ ಮತ್ತು ಜಪಾನಿನ ಯೊಮೊ ಬೇರೆ ಬೇರೆಯಾಗಿ ಕಂಡರು. ಪಿಷ್ಟವನ್ನು ಕತ್ತರಿಸುವುದು ಅಮೈಲೇಸ್ ಎಂಬ ಕಿಣ್ವ, ಅದೊಂದು ಪ್ರೋಟೀನು. ನಮ್ಮ ಕಡೆ ರಾಗಿಯನ್ನು ಮೊಳಕೆ ಕಟ್ಟಿ ಮಾಡಿದ ಹಿಟ್ಟಿಗೆ ಬರುವ ಸಣ್ಣ ಸಿಹಿಯೂ ಇಂತಹ ಕಿಣ್ವದ ಕೆಲಸವೇ.

ಆ ಪ್ರೋಟೀನು ಮೊದಲೇ ಕಾಳಿನಲ್ಲಿ ಇತ್ತೋ, ಹೊಸದಾಗಿ ತಯಾರಾಯಿತೋ? 1967ರಲ್ಲಿ ಫಿಲ್ನರ್ ಮತ್ತು ವಾರ್ನರ್ ಎಂಬವರು ಇದನ್ನು ತೀರ್ಮಾನಿಸಿದರು. ಹೆಚ್ಚು ತೂಕದ ಆಮ್ಲಜನಕವುಳ್ಳ ನೀರನ್ನು ಅವರು ಕೋಶಗಳಿಗೆ ಕೊಟ್ಟರು. ಹೊರಬಂದ ಕಿಣ್ವವೂ ಭಾರವಾಗಿತ್ತು. ಹಳೆಯ ದಾಸ್ತಾನಾಗಿದ್ದರೆ ಭಾರವಾಗುತ್ತಿರಲಿಲ್ಲ. ಆದುದರಿಂದ ಹಾರ್ಮೋನು ಬಂದ ಮೇಲೆಯೇ ಪ್ರೋಟೀನು ಹೊಸದಾಗಿ ತಯಾರಾಯಿತೆಂದು ಸಿದ್ಧವಾಯಿತು.

ಇದನ್ನು ನಮ್ಮ ಹೊಟೇಲಿನ ಅಡಿಗೆಮನೆಯಿಂದಲೇ ತಿಳಿಯಬಹುದು. ಸಪ್ಲಾಯರ್ ಬಂದು “ಎರಡು ಮಸಾಲೆ” ಎಂದು ಕೂಗುತ್ತಾನೆ. ಅವನು ದೋಸೆ ಹುಯ್ಯುವವನಲ್ಲ, ಅವನ ಕೂಗಿನಲ್ಲಿ ಹಿಟ್ಟೂ ಇಲ್ಲ. ಕೂಗು ಕೇಳಿ ಭಟ್ಟರು ಕೆಲಸ ಹಿಡಿಯುತ್ತಾರೆ. ಕೋಶದಲ್ಲಿ ಯಾವ ಪ್ರೋಟೀನನ್ನು ಹೇಗೆ ಮಾಡಬೇಕೆಂಬ ವಿವರ ಡಿ.ಎನ್.ಎ.ಯಲ್ಲಿದೆ. ಬೆಳವಣಿಗೆಯ ಆ ಕೆಲಸವನ್ನು ‘ಡೆಲ್ಲಾ’ ಎಂಬ ಪ್ರೋಟೀನು ಬ್ರೇಕಿನಂತೆ ತಡೆದಿರುತ್ತದೆ. ಜಿಬ್ಬರೆಲಿನನ್ನು ಹಿಡಿದುಕೊಳ್ಳುವ ಇನ್ನೊಂದು ಪ್ರೋಟೀನು 2005ರಲ್ಲಿ ಭತ್ತದಲ್ಲಿ ಪತ್ತೆಯಾಯಿತು. ಇವೆರಡೂ ಕೂಡಿಕೊಂಡಾಗ ಡೆಲ್ಲಾ ನಾಶವಾಗುತ್ತದೆ, ಬ್ರೇಕು ಬಿಡುತ್ತದೆ. ಆಗ ಡಿ.ಎನ್.ಎ.ಯ ವಿವರ ನಕಲಾಗಿ, ಅದರಂತೆ ಪ್ರೋಟೀನು ತಯಾರಾಗುತ್ತದೆ. ಕಾಳಿನಲ್ಲಾದರೆ ಅಮೈಲೇಸು, ಕಾಂಡದಲ್ಲಾದರೆ ಕೋಶದ ಗೋಡೆಯನ್ನು ಸಡಿಲಿಸುವ ಪ್ರೋಟೀನು. ಗೋಡೆ ಸಡಿಲಾದಾಗ ಕೋಶ ನೀರು ಹೀರಿ ಹಿಗ್ಗುತ್ತದೆ, ಗಿಡ ಉದ್ದವಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಉಗ್ರಾಣದಲ್ಲಿ ಅಕ್ಕಿ ಉದ್ದು ಇಲ್ಲದಿರುವಾಗ ನೂರು ಸಲ ಕೂಗಿದರೂ ದೋಸೆ ಬರುವುದುಂಟೆ? ಪ್ರೋಟೀನಿಗೆ ಸಾರಜನಕ ಬೇಕು, ನೀರು ಬೇಕು, ಬಿಸಿಲಿನಿಂದ ಎಲೆ ತಯಾರಿಸಿದ ಆಹಾರ ಬೇಕು. ಇವು ಮಣ್ಣಿನಿಂದಲೂ ಗೊಬ್ಬರದಿಂದಲೂ ಎಲೆಯಿಂದಲೂ ಬರಬೇಕೇ ಹೊರತು ಹಾರ್ಮೋನಿನಿಂದಲ್ಲ. ಸಾಮಾನು ಕೊಡದೆ ಕೂಗಾಡಿ ಕೆಲಸ ತೆಗೆಯಲು ನೋಡುವ ಮಾಲಿಕರನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಜ್ಞೆ ಹೆಚ್ಚಾದಷ್ಟೂ ಫಸಲು ಹೆಚ್ಚು ಎಂಬುದೂ ಸುಳ್ಳು. ನಮ್ಮ ದೇಶದ ಹಳೆಯ ಗೋಧಿಯ ಪೈರು ಎತ್ತರ. ಗೊಬ್ಬರ ಹೆಚ್ಚು ಹಾಕಿದರೆ ಮಲಗಿಬಿಡುತ್ತಿತ್ತು. ಆಹಾರದ ಅಭಾವದ ದಿನಗಳಲ್ಲಿ, 1966ರಲ್ಲಿ, ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ಬಂದಿತು. ಅದರ ಬ್ರೇಕು ಜಿಬ್ಬರೆಲಿನಿಗೆ ಸುಲಭವಾಗಿ ಬಗ್ಗದಂಥದು ಎಂದು 1999ರಲ್ಲಿ ಗೊತ್ತಾಯಿತು. ಅದೇ 1966ರಲ್ಲಿ ಬಂದ ಐ.ಆರ್. 8 ಭತ್ತವಾದರೋ ಜಿಬ್ಬರೆಲಿನನ್ನೇ ಕಡಿಮೆ ತಯಾರಿಸುತ್ತದೆ. ಎರಡೂ ಗಿಡ್ಡವಾಗಿ ನಿಂತು, ಗೊಬ್ಬರವನ್ನು ತಿಂದು ತೆನೆ ತುಂಬಿಕೊಂಡವು. ಪೆದ್ದ ಸಸಿ ಎತ್ತರಕ್ಕೆ ಬೆಳೆದು ಕೆಟ್ಟಿತು. ಗಿಡ್ಡ ಪೈರು ಕೋಟಿ ಜನರ ಹೊಟ್ಟೆ ತುಂಬಿಸಿತು.

ಹಾಗೆಂದು ಹಾರ್ಮೋನು ಬರೀ ಮೋಸ ಎಂದು ನಾನು ಹೇಳುತ್ತಿಲ್ಲ. ನಾಸಿಕದಲ್ಲಿಯೂ ನಮ್ಮ ವಿಜಯಪುರದಲ್ಲಿಯೂ ದ್ರಾಕ್ಷಿ ಬೆಳೆಗಾರರು ಜಿಬ್ಬರೆಲಿನನ್ನು ಬಳಸಿ ಹಣ್ಣಿನ ಗಾತ್ರ ಹೆಚ್ಚಿಸುತ್ತಾರೆ. ಅವರು ಹೊತ್ತು ನೋಡಿ, ಅಳತೆ ನೋಡಿ, ಗೊಬ್ಬರ ನೀರು ಕೊಟ್ಟ ತೋಟಕ್ಕೆ ಬಳಸುತ್ತಾರೆ.

ಆದುದರಿಂದ ಮನೆಗೆ ಪತ್ರ ಬರೆಯುವಾಗ, ಫೋನು ಮಾಡುವಾಗ ಇಷ್ಟು ಹೇಳಿರಿ: ಮೊದಲು ಮಣ್ಣಿನ ಪರೀಕ್ಷೆ, ಆಮೇಲೆ ಗೊಬ್ಬರ. ಯಾರಾದರೂ ಬಾಟಲಿ ತಂದರೆ ಅದರಲ್ಲಿ ಯಾವ ವಸ್ತು ಎಷ್ಟಿದೆ, ಯಾವ ಬೆಳೆಗೆ, ಯಾವ ಹೊತ್ತಿಗೆ ಎಂದು ಕೇಳಲಿ. ಉತ್ತರ ಸಿಗದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ಮೇಲೆಯೇ ಹಣ ಬಿಚ್ಚಲಿ. ಗೊಬ್ಬರದ ಹಣ ತೆಗೆದು ಟಾನಿಕ್ಕಿಗೆ ಹಾಕುವುದು ಮಾತ್ರ ಬೇಡ.